ಗುಂಡಿನ ಮೇಲೊಂದು ಬೆರಳು ಜಿಡ್ಡು

ಅಮೆರಿಕದಲ್ಲಿದ್ದು, 1851ರ ಕೋಲ್ಟ್ ನೇವಿಯಂಥ ಕರಿಮದ್ದಿನ ರಿವಾಲ್ವರಿನ ಪಡಿಯಚ್ಚನ್ನು ಶೂಟಿಂಗ್ ರೇಂಜಿಗೆ ಒಯ್ಯುವವರಿಗೆ ಒಂದು ಮಾತು. ಇದರ ಆರೂ ಕೋಣೆಗಳಿಗೆ ಮದ್ದು, ಗುಂಡು ತುಂಬುವುದು ಮುಂದಿನಿಂದ. ಒಂದು ಸಿಡಿದಾಗ ಕಿಡಿ ಪಕ್ಕದ್ದಕ್ಕೂ ನುಗ್ಗಿತೋ, ಒಟ್ಟೊಟ್ಟಿಗೆ ಸಿಡಿದು ಕೈಗೇ ಅಪಾಯ. ಗುಂಡಿನ ಮೇಲೆ ಜಿಡ್ಡು ಮೆತ್ತಿದರೆ ಸಾಕೆಂದು ಬಹಳ ಜನ ನಂಬಿದ್ದಾರೆ. ನನಗೇನೋ ಆ ನಂಬಿಕೆ ಪೂರ್ತಿ ಇಲ್ಲ. ಬಿಸಿಲಿಗೆ ಅದು ಕರಗಿ ಇಳಿಯುತ್ತದೆ. ಮೊದಲ ಈಡಿಗೇ ಅಕ್ಕಪಕ್ಕದ ಕೋಣೆಯದ್ದು ಹಾರಿ ಅಂಗಿಯ ತೋಳಿಗೆ ಅಂಟುತ್ತದೆ.

ನಿಜವಾದ ಬಿರಡೆ ಸೀಸದ ಗುಂಡೇ. ಅದು ಕೋಣೆಯ ಬಾಯಿಗಿಂತ ಕೂದಲೆಳೆಯಷ್ಟು ದಪ್ಪಗಿರಬೇಕು. ಗುಂಡನ್ನು ಒಳದೂಡುವ ಸನ್ನೆ ಒತ್ತಿದಾಗ ಅಂಚಿನಿಂದ ತೆಳ್ಳನೆಯ ಸೀಸದ ಬಳೆಯೊಂದು ಹೆರೆದು ಕಳಚಬೇಕು. ಕಳಚಲಿಲ್ಲವೆ? ಗುಂಡು ಸಣ್ಣದಾಯಿತು, ಬಿಡಿ. ಹಿಂಬದಿಯ ಕೇಪು ಸಡಿಲವಿದ್ದರೂ ಕಿಡಿ ಅಲ್ಲಿಂದ ಒಳಹೊಕ್ಕೀತು.

ಹಾಗೆಂದು ಜಿಡ್ಡು ದಂಡವಲ್ಲ. ಉರಿದ ಮದ್ದಿನ ಮಸಿ ಗಟ್ಟಿಯಾಗದಂತೆ ಮೆದುವಾಗಿಡುವುದು ಅದರ ಅಸಲಿ ಕೆಲಸ. ಜೇನುಮೇಣ, ಕುರಿಕೊಬ್ಬು ಕಾಸಿ ಅದ್ದಿದ ಉಣ್ಣೆಯ ಬಿಲ್ಲೆಯನ್ನು ಮದ್ದು-ಗುಂಡಿನ ನಡುವೆ ಇಟ್ಟರೆ ಕೈಯೂ ಚೊಕ್ಕ, ನಳಿಗೆಯೂ ಚೊಕ್ಕ. ಗ್ಯಾರೇಜಿನ ಗ್ರೀಸು ಮಾತ್ರ ಬೇಡ. ಕರಿಮದ್ದಿನ ಮಸಿ ಸೇರಿದರೆ ಡಾಂಬರಿನಂತೆ ಹಿಡಿದು ಕೂರುತ್ತದೆ.