ಒಂದು ಉಡುಗೊರೆ, ಒಂದು ಹೊಸ ಹೆಣಿಗೆ: ಬಿಸಿಲೂರಿನವರಿಗೆ 8 ಸೂತ್ರಗಳು

ಯಾದಗಿರಿ ಬಿಸಿಲಲ್ಲಿ ಹೆಣಿಗೆಯೇ ಎಂದು ನಗುವವರು ನಗಲಿ. ಇದೇ ಬಿಸಿಲಲ್ಲಿ, ಬೇವಿನ ನೆರಳಿಗೆ ಕೂತು, ನಿಮ್ಮ ಅಜ್ಜಿ ಹಳೇ ಸೀರೆ, ಧೋತರಗಳ ಪದರು ಸೇರಿಸಿ ಕೌದಿ ಹೊಲಿದರು. ಕ್ಲಾಸಿಗೆ ಹೋಗಲಿಲ್ಲ, ಸರ್ಟಿಫಿಕೇಟ್ ಪಡೆಯಲಿಲ್ಲ. ಹೊದೆಯುವ ಮೊಮ್ಮಗ ಕಣ್ಣ ಮುಂದೆ ಇದ್ದ, ಕೈ ತಾನಾಗಿ ಕಲಿಯಿತು. ಪರೀಕ್ಷೆಗೆ ಓದುತ್ತಿರುವವರೇ, ಡ್ಯೂಟಿ ಮುಗಿಸಿ ಬಂದು ಮೊಬೈಲ್ ಉಜ್ಜುತ್ತ ಕೂರುವವರೇ, ಸೂಜಿ ಹಿಡಿಯಲು ನಿಮಗೂ ದಾರಿ ಅದೇ.

1. ಮೊದಲು ಯಾರಿಗೆಂದು ಆರಿಸಿ, ಡಿಸೈನ್ ಆಮೇಲೆ

ಯೂಟ್ಯೂಬ್‌ನಲ್ಲಿ ಡಿಸೈನ್ ಹುಡುಕುತ್ತ ಕೂತರೆ ಸಂಜೆ ಹೋಗುತ್ತದೆ, ಸಾಲು ಏರುವುದಿಲ್ಲ. ಒಂದು ಹಾಳೆ ತೆಗೆಯಿರಿ. ಎಡಕ್ಕೆ ಮನೆಯವರ ಹೆಸರು, ಬಲಕ್ಕೆ ಅವರ ಉಡುಗೊರೆ ನಿಮಗೆ ಕಲಿಸುವ ಪಾಠ ಬರೆಯಿರಿ. ತಂಗಿಯ ಹೇರ್‌ಬ್ಯಾಂಡ್: ಸೀದಾ, ಉಲ್ಟಾ ಹೆಣಿಗೆ. ಅಕ್ಕನ ಕೂಸಿನ ಕುಲಾಯಿ: ಕುಣಿಕೆ ಕಡಿಮೆ ಮಾಡುವುದು. ಬೆಂಗಳೂರಲ್ಲಿ ಕೆಲಸಕ್ಕಿರುವ ಅಣ್ಣನ ಮಫ್ಲರ್: ಕೇಬಲ್, ಅಂದರೆ ಜಡೆಯಂಥ ಹೆಣಿಗೆ. ಅವ್ವನ ಸಂತೆ ಚೀಲ: ಕ್ರೋಶಾ ಜಾಲರಿ. ಒಂದು ಉಡುಗೊರೆಗೆ ಒಂದೇ ಹೊಸ ಪಾಠ. ಎರಡು ಸೇರಿಸಿದರೆ ತಪ್ಪು ಎಲ್ಲಿಂದ ಬಂತೆಂದು ಪತ್ತೆಯಾಗುವುದಿಲ್ಲ. ಅಪ್ಪನ ಸ್ವೆಟರ್ ಮೊದಲ ವರ್ಷ ಬೇಡವೇ ಬೇಡ.

2. ಹವೆ ನೋಡಿ ದಾರ ಕೊಳ್ಳಿ

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ಬೆಂಗಳೂರಿನ ಅಣ್ಣನಿಗೆ ಉಲ್ಲನ್ ಸರಿ, ಶಹಾಪುರದ ಕೂಸಿಗೆ ಹತ್ತಿ ದಾರವೇ ಆಗಬೇಕು. ಸುತ್ತಲಿನ ಹೊಲದಲ್ಲೆಲ್ಲ ಹತ್ತಿ ಬೆಳೆದು, ಮಗುವಿನ ತಲೆಗೆ ಚುಚ್ಚುವ ಅಕ್ರಿಲಿಕ್ ಹಾಕುವುದು ಎಂಥ ಬುದ್ಧಿ? ಆದರೆ ನೆನಪಿಡಿ: ಹತ್ತಿ ಉಲ್ಲನ್‌ನಂತೆ ಹಿಗ್ಗಿ ಮತ್ತೆ ಕುಗ್ಗುವುದಿಲ್ಲ. ಅಂಚಿನ ಪಟ್ಟಿ ಸಡಿಲಾಗುತ್ತದೆ. ಅಂಚಿಗೆ ಸಣ್ಣ ಸೂಜಿ ಬಳಸಿ.

ಸೂಜಿ ಕೊಳ್ಳುವಾಗ ಮೋಸ ಹೋಗಬೇಡಿ. ನಮ್ಮ ಅಂಗಡಿಗಳಲ್ಲಿ ಇಂದಿಗೂ ಬ್ರಿಟಿಷರ ಹಳೇ ನಂಬರ್ ನಡೆಯುತ್ತದೆ. ನಂಬರ್ ಏರಿದಷ್ಟೂ ಸೂಜಿ ಸಣ್ಣ! 8 ನಂಬರ್ ಅಂದರೆ 4 ಮಿ.ಮೀ., 10 ಅಂದರೆ 3.25, 12 ಅಂದರೆ 2.75. ಮಿಲಿಮೀಟರ್ ಕೇಳಿ, ನಂಬರ್ ನಂಬಬೇಡಿ.

3. ಸ್ಯಾಂಪಲ್ ಹಾಕದೆ ಶುರು ಮಾಡಬೇಡಿ

ನನ್ನ ಮೊದಲ ಕುಲಾಯಿ ಅಕ್ಕನ ಮಗನಿಗಾಗಿ. ಅಂದಾಜಿನ ಮೇಲೆ ಹೆಣೆದೆ. ಕೂಸಿನ ತಲೆಗೆ ಏರಲಿಲ್ಲ, ಮನೆಯ ತೆಂಗಿನಕಾಯಿಗೆ ಸರಿಯಾಗಿ ಕೂತಿತು. ಅಕ್ಕ ಈಗಲೂ ಅದನ್ನು ಆಡಿ ತೋರಿಸುತ್ತಾಳೆ. ಆ ನಗುವಿನಿಂದ ಪಾರಾಗುವ ಲೆಕ್ಕ ಇಲ್ಲಿದೆ, ಬರೆದುಕೊಳ್ಳಿ.

15 ಸೆಂ.ಮೀ. ಉದ್ದಗಲದ ಚೌಕ ಹೆಣೆಯಿರಿ. ಒಗೆಯಿರಿ, ಒಣಗಿಸಿ, ಆಮೇಲೆ ಅಳೆಯಿರಿ, ಏಕೆಂದರೆ ಹತ್ತಿ ನೀರು ಕಂಡ ಮೇಲೆ ಆಕಾರ ಬದಲಿಸುತ್ತದೆ. 10 ಸೆಂ.ಮೀ.ಗೆ 22 ಕುಣಿಕೆ ಬಂತು ಎನ್ನಿ. ಕೂಸಿನ ತಲೆ ಸುತ್ತಳತೆ 35 ಸೆಂ.ಮೀ. ಇದ್ದರೆ ಕುಲಾಯಿ 33 ಸಾಕು, ಸ್ವಲ್ಪ ಬಿಗಿ ಇದ್ದರೇ ತಲೆ ಮೇಲೆ ನಿಲ್ಲುತ್ತದೆ. 33 ಸೆಂ.ಮೀ.ಗೆ 72.6 ಕುಣಿಕೆ. 72 ಹಾಕಿ. 72 ಏಕೆ? 8ರಿಂದ ಭಾಗವಾಗುತ್ತದೆ. ನೆತ್ತಿ ಹತ್ತಿರ ಬಂದಾಗ 7 ಹೆಣೆದು 2 ಕೂಡಿಸಿ, ಸುತ್ತಿಗೆ 8 ಕುಣಿಕೆ ಇಳಿಯುತ್ತವೆ: 64, 56, 48. ಮುಂದಿನ ಸುತ್ತಿಗೆ 6 ಹೆಣೆದು 2 ಕೂಡಿಸಿ, ಅದರ ಮುಂದಿನದಕ್ಕೆ 5. ಕೊನೆಗೆ 8 ಉಳಿದಾಗ ದಾರ ಪೋಣಿಸಿ ಎಳೆದು ಗಂಟು ಹಾಕಿ. ಗುಂಡಿ ಬೇಡ, ಉದ್ದ ಲಾಡಿ ಬೇಡ, ಕೂಸು ಬಾಯಿಗೆ ಹಾಕುತ್ತದೆ. ಸ್ಯಾಂಪಲ್ ಚೌಕವನ್ನು ಬಿಚ್ಚಬೇಡಿ, ಬಿಸಾಡಬೇಡಿ. ಅದಕ್ಕೆ 7ನೇ ಸೂತ್ರದಲ್ಲಿ ಕೆಲಸ ಇದೆ.

4. ‘ನನ್ನ ಕೈಗೆ ಬರಲ್ಲ’ ಎನ್ನುವ ಚಾಳಿ ಬಿಡಿ

ಅದು ವಿನಯವಲ್ಲ, ಉಗುರು ಕಚ್ಚುವಂಥ ಅಭ್ಯಾಸ. ಭಯ ನಿಜಕ್ಕೂ ಇರುವುದು ತಪ್ಪಾದರೆ ಎಲ್ಲ ಬಿಚ್ಚಬೇಕಲ್ಲ ಎಂದು. ಆ ಭಯಕ್ಕೆ ಔಷಧ ಒಂದು ತುಂಡು ದಾರ. ಹತ್ತು ಸಾಲಿಗೊಮ್ಮೆ, ಬೇರೆ ಬಣ್ಣದ ನುಣುಪು ದಾರವನ್ನು ಸೂಜಿ ಮೇಲಿನ ಎಲ್ಲ ಕುಣಿಕೆಗಳಲ್ಲಿ ಪೋಣಿಸಿ ಬಿಡಿ. ಹೆಣೆಯುವವರು ಇದನ್ನು ಲೈಫ್‌ಲೈನ್ ಎನ್ನುತ್ತಾರೆ. ಮೇಲೆ ಏನೇ ಕೆಟ್ಟರೂ ಆ ದಾರದ ತನಕ ಮಾತ್ರ ಬಿಚ್ಚುತ್ತದೆ. ಹೊಸ ಕೇಬಲ್ ಕಲಿಯುವಾಗ ಇದಿಲ್ಲದೆ ಕೂರಬೇಡಿ.

ಗಂಡುಮಕ್ಕಳೇ, ಇದು ಹೆಂಗಸರ ಕೆಲಸ ಎಂದು ಜಾರಿಕೊಳ್ಳಬೇಡಿ. ಕಂಬಳಿ ಮಗ್ಗದ ಮುಂದೆ ಕೂರುವ ಕುರುಬರ ಗಂಡಸರನ್ನು ನೋಡಿದ್ದೀರಲ್ಲ.

5. ಕುಬಸದ ದಿನವೇ ಡೆಡ್‌ಲೈನ್ ಬರೆಯಿರಿ

ತಾರೀಖು ಇಲ್ಲದ ಹೆಣಿಗೆ ಚೀಲದಲ್ಲೇ ಮುದಿಯಾಗುತ್ತದೆ. ಅಕ್ಕನಿಗೆ ಏಳನೇ ತಿಂಗಳಲ್ಲಿ ಕುಬಸ ಮಾಡಿದರೆ ನಿಮ್ಮ ಕೈಯಲ್ಲಿ ಸುಮಾರು ಎರಡು ತಿಂಗಳಿದೆ. ಮೊದಲ ವಾರ ಸ್ಯಾಂಪಲ್, ಆಮೇಲೆ ಕುಲಾಯಿ, ಉಳಿದರೆ ಕುಂಚಿಗೆ. ತೊಟ್ಟಿಲಿಗೆ ಹಾಕುವ ದಿನಕ್ಕೆ ಒಂದು ವಾರ ಮೊದಲೇ ಮುಗಿಸಿ. ದಾರದ ತುದಿಗಳನ್ನು ಒಳಗೆ ಹೊಲಿಯಲು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

6. ಬಸ್ಸಿಗೆ ಬೇರೆ ಕೆಲಸ, ಮನೆಗೆ ಬೇರೆ

ಯಾದಗಿರಿಯಿಂದ ಶಹಾಪುರಕ್ಕೆ ದಿನಾ ಓಡಾಡುವವರಿಗೆ ಆ ಪ್ರಯಾಣ ಬಂಗಾರದ ಹೊತ್ತು. ಬಸ್ಸಿನಲ್ಲಿ ಕ್ರೋಶಾ ಹಿಡಿಯಿರಿ. ಒಂದೇ ಕುಣಿಕೆ ತೆರೆದಿರುತ್ತದೆ, ರಸ್ತೆಯ ಗುಂಡಿಗೆ ಬಸ್ಸು ಹಾರಿದರೂ ಜಾರುವುದು ಅದೊಂದೇ. ಎಣಿಸಬೇಕಾದ ಡಿಸೈನ್ ಮನೆಗೆ ಇಟ್ಟುಕೊಳ್ಳಿ.

7. ಅಜ್ಜಿಯ ಕೌದಿಯನ್ನು ಸಿಲೆಬಸ್ ಮಾಡಿಕೊಳ್ಳಿ

ಇದೇ ನನ್ನ ಮೆಚ್ಚಿನ ಸೂತ್ರ. ಕೌದಿಯಲ್ಲಿ ಯಾವ ತುಂಡೂ ಇನ್ನೊಂದರಂತೆ ಇಲ್ಲ, ಆದರೂ ಒಟ್ಟಿಗೆ ಕೂತಿವೆ. ನೀವೂ ಹಾಗೇ ಮಾಡಿ. 15 ಸೆಂ.ಮೀ. ಚೌಕಗಳು, ಅಡ್ಡ 5, ಉದ್ದ 6, ಒಟ್ಟು 30. ಪ್ರತಿ ಚೌಕಕ್ಕೂ ಒಂದು ಹೊಸ ಹೆಣಿಗೆ; ‘ಒಂದೇ ಹೊಸ ಪಾಠ’ದ ನಿಯಮ ಇಲ್ಲಿ ಚೌಕದ ಲೆಕ್ಕಕ್ಕೆ. ಮುಗಿದಾಗ 75ಕ್ಕೆ 90 ಸೆಂ.ಮೀ. ಕೂಸಿನ ಹೊದಿಕೆ ನಿಮ್ಮ ಕೈಯಲ್ಲಿ, 30 ಪಾಠ ನಿಮ್ಮ ಬೆರಳಲ್ಲಿ. ಸ್ಯಾಂಪಲ್ ಚೌಕ ಇದರ ಮೊದಲ ತುಂಡು. ಒಂದು ಎಚ್ಚರಿಕೆ: ಕೇಬಲ್ ಬಟ್ಟೆಯನ್ನು ಒಳಕ್ಕೆ ಎಳೆಯುತ್ತದೆ, ಆ ಚೌಕಕ್ಕೆ ಕುಣಿಕೆ ಹೆಚ್ಚಿಸಿ. ಜಾಲರಿ ಹರಡಿಕೊಳ್ಳುತ್ತದೆ, ಕಡಿಮೆ ಹಾಕಿ.

ಜೋಡಿಸುವ ಹೊತ್ತಿಗೆ ಅಜ್ಜಿಯ ಪಕ್ಕ ಕೂರಿ. ವಿವರಿಸಿ ಎಂದರೆ ಅವರಿಗೆ ಬಾರದು, ಹೊಲಿಯಿರಿ ಎಂದರೆ ಕೈ ಓಡುತ್ತದೆ. ಆ ಕೈಯನ್ನು ವಿಡಿಯೊ ಮಾಡಿ. ಟೇಪಿಲ್ಲದೆ ಗೇಣಿನಲ್ಲಿ ಅಳೆಯುವುದನ್ನೂ ಬಿಡಬೇಡಿ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕೌದಿಯನ್ನು ಅಂಚಿನಿಂದ ಶುರುಮಾಡಿ, ಸುತ್ತುತ್ತ ಬಂದು ನಡುವೆ ಮುಗಿಸುತ್ತಾರೆ. ನಾಲ್ಕು ಮೂಲೆಗೆ ‘ಫೂಲ’ ಎಂಬ ತುಂಡು ಕೂರದೆ ಅವರಿಗೆ ಕೆಲಸ ಪೂರ್ತಿಯಾಗುವುದಿಲ್ಲ. ನೀವೂ ಮೂಲೆಗೆ ಮರ್ಯಾದೆ ಕೊಡಿ: ಸುತ್ತ ಕ್ರೋಶಾ ಅಂಚು ಕಟ್ಟುವಾಗ ಪ್ರತಿ ಮೂಲೆಯಲ್ಲಿ ಒಂದೇ ಜಾಗಕ್ಕೆ 3 ಸಿಂಗಲ್ ಕ್ರೋಶಾ ಹಾಕಿ. ಇಲ್ಲದಿದ್ದರೆ ಮೂಲೆ ಮುದುರುತ್ತದೆ.

8. ಊರನ್ನೇ ಡಿಸೈನ್ ಮಾಡಿ

ಪಿಂಟರೆಸ್ಟ್‌ನ ಹಿಮಸಾರಂಗ ನಮಗೇಕೆ? ಶಹಾಪುರದವರಿಗೆ ಬೆಟ್ಟದ ಸಾಲೇ ಮಲಗಿದ ಬುದ್ಧನಾಗಿ ಕಾಣುತ್ತದೆ. ಆ ಗೆರೆಯನ್ನು ಗ್ರಾಫ್ ಹಾಳೆ ಮೇಲೆ ಇಳಿಸಿ, ತುಂಬಿದ ಮನೆ, ಖಾಲಿ ಮನೆ ಎಂದು ಗುರುತು ಮಾಡಿ. ಇದು ಫಿಲೆಟ್ ಕ್ರೋಶಾ. ಒಂದು ಮನೆಗೆ 3 ಕುಣಿಕೆ, ಕೊನೆಗೆ 1 ಹೆಚ್ಚು. 60 ಮನೆ ಅಗಲದ ತೋರಣಕ್ಕೆ ಬುಡದಲ್ಲಿ 181, ಸಾಲು ತಿರುಗಿಸುವ ಚೈನ್ ಬೇರೆ. ಅವ್ವನ ಬಾಗಿಲಿಗೆ ಕಟ್ಟಿ.

ಇನ್ನು ಓದಬೇಡಿ. 4 ಮಿ.ಮೀ. ಸೂಜಿ, ಹತ್ತಿ ದಾರ, ಮೊದಲ ಚೌಕಕ್ಕೆ 33 ಕುಣಿಕೆ. ಇವತ್ತು ರಾತ್ರಿ ಊಟದ ನಂತರ ಹಾಕಿ, ನಾಳೆ ಬೆಳಗ್ಗೆ ಅಜ್ಜಿಗೆ ತೋರಿಸಿ.