ಪಿನ್ ಬರುವ ತನಕ

ನನ್ನ ತಂಗಿ ಬಿಎಸ್ಸಿ ನರ್ಸಿಂಗ್ ಮುಗಿಸಿ, ಬೆಂಗಳೂರಿನ ಐಸಿಯು ಒಂದರಲ್ಲಿ ವರ್ಷಗಟ್ಟಲೆ ನೈಟ್ ಡ್ಯೂಟಿ ಮಾಡಿದವಳು. ಅವಳು ಇಂಗ್ಲೆಂಡಿಗೆ ಹೋಗುತ್ತೇನೆಂದಾಗ ಎಲ್ಲರಿಗಿಂತ ಹೆಚ್ಚು ಉತ್ಸಾಹ ತೋರಿದ್ದು ತೀರ್ಥಹಳ್ಳಿಯ ನಮ್ಮ ಚಿಕ್ಕಪ್ಪ. ಅವರಿಗೊಬ್ಬ ಏಜೆಂಟ್ ಗೊತ್ತಿದ್ದ. "ಪರೀಕ್ಷೆ ಗಿರೀಕ್ಷೆ ಎಂಥದೂ ಬೇಡ, ವೀಸಾ ನೇರ ಆಗ್ತದೆ" ಅಂದನಂತೆ. ಚಿಕ್ಕಪ್ಪ ಎರಡು ಲಕ್ಷ ಮುಂಗಡ ಕೊಟ್ಟೇಬಿಟ್ಟರು. ರಸೀದಿ ಎಲ್ಲಿ ಅಂದರೆ, "ನಮ್ಮವನೇ ಕಣೇ" ಎಂಬ ಉತ್ತರ. ನಮ್ಮವನ ಫೋನು ಈಗ ಸ್ವಿಚ್ ಆಫ್. ಬೆಂಗಳೂರಿನ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿಗೆ ದೂರು ಬರೆದಿಟ್ಟಿದ್ದೇನೆ. ಹಣ ಕೊಟ್ಟವರು ಮಾತ್ರ ಮರ್ಯಾದೆ ಹೋಗುತ್ತದೆಂದು ಸಹಿ ಹಾಕುತ್ತಿಲ್ಲ.

ನಮ್ಮ ಕಾನೂನಿನಲ್ಲಿ ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕವೇ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಏಜೆಂಟ್ ಅಸಲಿಯೋ ನಕಲಿಯೋ ಎಂಬುದನ್ನು ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಕೂತಲ್ಲೇ ನೋಡಬಹುದು. ಬ್ರಿಟನ್ನಿನ ನೇಮಕಾತಿ ಸಂಹಿತೆಯಂತೂ ಕೆಲಸ ಕೊಡಿಸಲು ನರ್ಸ್‌ಗಳಿಂದ ಹಣ ಕೇಳಲೇಬಾರದು ಎನ್ನುತ್ತದೆ.

ನಿಜವಾದ ದಾರಿಯಲ್ಲಿ ಮೊದಲು ಸಿಗುವುದು ಇಂಗ್ಲಿಷ್. ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್, ಅಂದರೆ ಎನ್‌ಎಂಸಿ, ಐಇಎಲ್‌ಟಿಎಸ್‌ನ ಓದು, ಕೇಳು, ಮಾತು ಮೂರರಲ್ಲೂ 7 ಕೇಳುತ್ತದೆ, ಬರವಣಿಗೆಗೆ 6.5 ಸಾಕು. ಆರೋಗ್ಯ ವೃತ್ತಿಯವರ ಇಂಗ್ಲಿಷ್ ಪರೀಕ್ಷೆಯಾದ ಒಇಟಿ ಬರೆದರೂ ನಡೆಯುತ್ತದೆ. ತಂಗಿ ಅದನ್ನೇ ಆರಿಸಿಕೊಂಡಳು. ಅದರಲ್ಲಿ ಬರೆಯಬೇಕಾದದ್ದು ರೋಗಿಯ ಬಗ್ಗೆ ಪತ್ರ, ಹವಾಮಾನ ಬದಲಾವಣೆಯ ಮೇಲೆ ಪ್ರಬಂಧವಲ್ಲ. ಸಿಬಿಟಿ ಎಂಬ ಕಂಪ್ಯೂಟರ್ ಪರೀಕ್ಷೆ ಬೆಂಗಳೂರಿನಲ್ಲೇ ಆಯಿತು. ಔಷಧದ ಲೆಕ್ಕ 15 ಪ್ರಶ್ನೆ, ನರ್ಸಿಂಗ್ 100 ಪ್ರಶ್ನೆ.

ಕಾಗದಪತ್ರದ ಕತೆ ಬೇರೆ. ಮಾರ್ಕ್ಸ್ ಕಾರ್ಡಿನಲ್ಲಿ ಅವಳ ಹೆಸರಿನ ಹಿಂದೆ ಊರಿನದೊಂದು, ಅಪ್ಪನದೊಂದು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು, ಊರು ಮಾಯ. ಇದನ್ನು ಸರಿಮಾಡಿಸಲು ಓಡಾಡಿದವಳು ನಾನು. ಕಾಲೇಜಿನ ಗುಮಾಸ್ತ ಮಹಾಶಯರು ಅಫಿಡವಿಟ್ ತಿರುವಿ ನೋಡಿ, "ಅಭ್ಯರ್ಥಿಯೇ ಬರಬೇಕು" ಎಂದರು. ರಜೆ ಹಾಕಿಸಿ ಅವಳನ್ನು ಕರೆತಂದ ದಿನ ಅವರೇ ರಜೆ.

ಇಷ್ಟೆಲ್ಲ ದಾಟಿ ಇಂಗ್ಲೆಂಡಿನ ಆಸ್ಪತ್ರೆ ಸೇರಿದ ಮೇಲೂ ಅವಳು ಅಲ್ಲಿ ನರ್ಸ್ ಅಲ್ಲ. ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ ಪಾಸಾಗಿ ಎನ್‌ಎಂಸಿಯ ನೋಂದಣಿ ಸಂಖ್ಯೆ, ಅಲ್ಲಿಯವರ ಬಾಯಲ್ಲಿ ಪಿನ್, ಬರುವ ತನಕ ಕೆಳಗಿನ ದರ್ಜೆಯ ಸಂಬಳ. ಕೆಲಸ ಶುರುವಾದ 12 ವಾರದೊಳಗೆ ಮೊದಲ ಸಲ ಓಸ್ಕಿಗೆ ಕೂರಬೇಕು, 8 ತಿಂಗಳೊಳಗೆ ಪಾಸಾಗಬೇಕು. ವೀಸಾ ನಿಂತಿರುವುದೇ ಅದರ ಮೇಲೆ.

ಓಸ್ಕಿಯಲ್ಲಿ ಹತ್ತು ಸ್ಟೇಷನ್. ಅವಳು ಎಡವಿದ್ದು ಔಷಧ ಕೊಡುವ ಸ್ಟೇಷನ್ನಿನಲ್ಲಿ, ಐಸಿಯುನಲ್ಲಿ ಕಣ್ಣುಮುಚ್ಚಿ ಮಾಡುತ್ತಿದ್ದ ಕೆಲಸದಲ್ಲಿ. ಕೈ ತೊಳೆದಳು. ಹೆಸರು, ಹುಟ್ಟಿದ ದಿನ ಕೇಳಿ ಕೈಪಟ್ಟಿಗೆ ತಾಳೆ ನೋಡಿದಳು. ಚಾರ್ಟಿನಲ್ಲಿ ಪೆನಿಸಿಲಿನ್ ಅಲರ್ಜಿ ಎಂದಿತ್ತು, ಕೆಳಗೆ ಅಮಾಕ್ಸಿಸಿಲಿನ್ ಬರೆದಿತ್ತು. ಅದು ಪೆನಿಸಿಲಿನ್ ಜಾತಿಯದೇ. ತಕ್ಷಣ ಗುರುತಿಸಿ ಪಕ್ಕಕ್ಕಿಟ್ಟಳು, ಉಳಿದ ಮಾತ್ರೆ ಕೊಟ್ಟಳು. ಇಲ್ಲಿ ಡ್ಯೂಟಿ ಡಾಕ್ಟರಿಗೆ ಒಂದು ಮಾತು ಹೇಳಿದರೆ ಮುಗಿಯಿತು. ಅಲ್ಲಿ ಯಾಕೆ ಕೊಡುತ್ತಿಲ್ಲವೆಂದು ರೋಗಿಗೆ ಬಾಯಿಬಿಟ್ಟು ಹೇಳಬೇಕು, ಚಾರ್ಟಿನಲ್ಲಿ ಕಾರಣ ಬರೆದು ಸಹಿ ಹಾಕಬೇಕು. ಅವಳು ಪೆನ್ನು ಎತ್ತಿಕೊಂಡಳು. ಅಷ್ಟರಲ್ಲಿ ಸಮಯ ಮುಗಿಯಿತು. ಮೂಲೆಯಲ್ಲಿ ಕೂತಿದ್ದ ಪರೀಕ್ಷಕಿ ಮುಖ ಎತ್ತದೆ ಗುರುತು ಹಾಕಿಕೊಂಡರು. ಚಾರ್ಟಿನಲ್ಲಿ ಆ ಚೌಕ ಖಾಲಿ.

ಫಲಿತಾಂಶದ ಮೇಲ್ ಬಂದ ರಾತ್ರಿ ಫೋನ್ ಮಾಡಿದಳು. "ಅಕ್ಕಾ, ರೋಗಿಗೆ ಏನೂ ಆಗ್ಲಿಲ್ಲ, ನಾನು ಮಾಡಿದ್ದು ಸರೀನೇ ಅಲ್ವಾ?" ಸರಿಯೇ. ಆದರೆ ಬರೆಯದ ಕೆಲಸ ಅಲ್ಲಿ ಮಾಡದ ಕೆಲಸ. ನನ್ನ ಸಿಟ್ಟು ಆ ನಿಯಮದ ಮೇಲಲ್ಲ, ರೆಕಾರ್ಡ್ ಪುಸ್ತಕದಲ್ಲಿ ಬಣ್ಣದ ಪೆನ್ಸಿಲ್ಲಿನಿಂದ ಚಿತ್ರ ಬಿಡಿಸಿದ್ದಕ್ಕೆ ಅಂಕ ಕೊಡುವ ನಮ್ಮ ಪಾಠದ ಮೇಲೆ.

ಮರುಪರೀಕ್ಷೆಯಲ್ಲಿ ಫೇಲಾದ ಸ್ಟೇಷನ್ ಮಾತ್ರ ಮಾಡಿದರೆ ಸಾಕು, ಶುಲ್ಕವೂ 794 ಪೌಂಡಿನ ಅರ್ಧ. ಅವಳು ಅಡುಗೆಮನೆಯಲ್ಲಿ ಗೋಡೆಗೆ ಎದುರಾಗಿ ನಿಂತು, ಮಾಡುವ ಒಂದೊಂದನ್ನೂ ಗಟ್ಟಿಯಾಗಿ ಹೇಳುತ್ತ ಅಭ್ಯಾಸ ಮಾಡಿದಳು. ಪಾಸಾದಳು, ಪಿನ್ ಬಂತು, ನರ್ಸ್ ದರ್ಜೆಯ ಬ್ಯಾಂಡ್ 5 ಸಂಬಳವೂ ಶುರುವಾಯಿತು.

ಈಗ ಹೊರಡುವವರು ಒಂದು ಗಮನಿಸಿ. 2024ರಿಂದ ಬ್ರಿಟನ್ನಿನ ಆಸ್ಪತ್ರೆಗಳು ಹೊರದೇಶದ ನೇಮಕಾತಿಯನ್ನು ಬಹಳ ತಗ್ಗಿಸಿವೆ. ಸಿಬಿಟಿ ಪಾಸಾಗಿಯೂ ಆಫರ್ ಇಲ್ಲದೆ ಕಾಯುತ್ತಿರುವವರಿದ್ದಾರೆ. ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಬಂದು ವೀಸಾ ಆಗುವ ಮುನ್ನ ಇಲ್ಲಿನ ಕೆಲಸಕ್ಕೆ ರಾಜೀನಾಮೆ ಬರೆಯಬೇಡಿ.