ಹಾರುದೋಣಿ ನೀರನ್ನು ಬಿಟ್ಟೇಳುವ ಬಗೆ

ನೀರಿನಲ್ಲಿ ತೇಲಿ ಗಾಳಿಯಲ್ಲಿ ಹಾರಬಲ್ಲ, ಒಡಲೇ ದೋಣಿಯಾಗಿರುವ ವಿಮಾನಕ್ಕೆ ಹಾರುದೋಣಿಯೆಂದು ಹೆಸರು. 1938ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನಿಂದ ಆಸ್ಟ್ರೇಲಿಯದ ಸಿಡ್ನಿಯವರೆಗೆ ಪ್ರಯಾಣಿಕರು ಇಂತಹ ವಿಮಾನದಲ್ಲಿ ಸುಮಾರು ಹತ್ತು ದಿನಗಳಲ್ಲಿ ಹೋಗಬಹುದಾಗಿತ್ತು. ದಾರಿಯಲ್ಲಿ ಕರಾಚಿ, ರಾಜಸಮಂದ ಸರೋವರ, ಗ್ವಾಲಿಯರ್, ಅಲಹಾಬಾದ್, ಕಲ್ಕತ್ತೆಗಳು ನಿಲ್ದಾಣಗಳಾಗಿದ್ದುವು.

ನೆಲವಿರಲು ನೀರೇತಕ್ಕೆ? ವಿಮಾನದ ಭಾರ ಹೆಚ್ಚಿದಷ್ಟೂ ಅದು ಮೇಲೇಳಲು ಹೆಚ್ಚು ವೇಗ ಬೇಕು. ವೇಗೋತ್ಕರ್ಷವು ಬದಲಾಗದಿದ್ದಲ್ಲಿ, ಎರಡರಷ್ಟು ವೇಗಕ್ಕೆ ನಾಲ್ಕರಷ್ಟು ದೂರ ಓಡಬೇಕಾಗುತ್ತದೆ. ಆಗ ಉದ್ದವಾದ ಗಟ್ಟಿ ಓಡುಹಾದಿಗಳು ವಿರಳ. ಕೆರೆ, ನದಿ, ಕೊಲ್ಲಿಗಳಲ್ಲಾದರೋ ಮೈಲಿಗಟ್ಟಲೆ ಸಮತಲವು ಸಿದ್ಧವಾಗಿಯೇ ಇತ್ತು.

ಆ ಮಾರ್ಗದ 'ಎಂಪೈರ್' ಹಾರುದೋಣಿಯ ತೂಕ ಸುಮಾರು 18 ಟನ್ನು. ಆರ್ಕಿಮಿಡೀಸನ ತತ್ತ್ವದಂತೆ 18 ಟನ್ನು ನೀರನ್ನು ಸರಿಸಿದರೆ ಅದು ತೇಲುತ್ತದೆ. ತೇಲುವುದು ಸುಲಭ, ಬಿಟ್ಟೇಳುವುದೇ ಕಷ್ಟ. ನೀರು ಗಾಳಿಗಿಂತ ಸುಮಾರು 800 ಮಡಿ ಸಾಂದ್ರವಾದುದು. ಇದಲ್ಲದೆ ಇನ್ನೊಂದು ತೊಡಕೂ ಉಂಟು.

ಕೊಳಾಯಿಯಿಂದ ಸಣ್ಣಗೆ ಬೀಳುವ ಧಾರೆಗೆ ಚಮಚೆಯ ಉಬ್ಬಿದ ಬೆನ್ನನ್ನು ಮೆಲ್ಲನೆ ತಾಗಿಸಿ ನೋಡಿ. ಚಮಚೆಯು ದೂರ ತಳ್ಳಲ್ಪಡದೆ ಧಾರೆಯೊಳಕ್ಕೇ ಸೆಳೆಯಲ್ಪಡುತ್ತದೆ. ನೀರು ಉಬ್ಬನ್ನು ಅನುಸರಿಸಿ ಪಕ್ಕಕ್ಕೆ ತಿರುಗುವುದು. ಅದರ ಪ್ರತಿಕ್ರಿಯೆಯು ಚಮಚೆಯನ್ನು ಎದುರು ದಿಕ್ಕಿಗೆ ಎಳೆಯುವುದು. ದೋಣಿಯ ಹಿಂಭಾಗವು ಮೇಲಕ್ಕೆ ಬಾಗಿರುವುದರಿಂದ ವೇಗವಾಗಿ ಓಡುವಾಗ ನೀರು ಅದನ್ನೂ ಹೀಗೆಯೇ ಕೆಳಕ್ಕೆ ಸೆಳೆಯುತ್ತದೆ.

ಇದಕ್ಕೆ ಪರಿಹಾರವಾಗಿ ದೋಣಿಯ ತಳದ ಮಧ್ಯದಲ್ಲಿ ಅಡ್ಡಲಾಗಿ ಒಂದು ಮೆಟ್ಟಿಲನ್ನು ಮಾಡುತ್ತಾರೆ. ನೀರು ಆ ಅಂಚಿನಲ್ಲಿ ತಳವನ್ನು ಬಿಟ್ಟು ಸಿಡಿಯುತ್ತದೆ. ಹಿಂದಿನ ಎಡೆಗೆ ಗಾಳಿ ನುಗ್ಗಿ ಸೆಳೆತವು ತಪ್ಪುತ್ತದೆ. ವೇಗ ಏರಿದಂತೆ ರೆಕ್ಕೆಗಳು ಭಾರವನ್ನು ಹೊರತೊಡಗುತ್ತವೆ. ಆರಂಭದಲ್ಲಿ ಹೆಚ್ಚುತ್ತ ಹೋದ ನೀರಿನ ತಡೆಯು, ಗರಿಷ್ಠ ಮಿತಿಯನ್ನು ಮುಟ್ಟಿ ಇಳಿಯುತ್ತದೆ. ಆಗ ದೋಣಿಯು ನಾವು ಕೆರೆಯ ಮೇಲೆ ಎಸೆಯುವ ಬಿಲ್ಲೆಗಲ್ಲಿನಂತೆ ನೀರಿನ ಮೇಲ್ಮೈಯಲ್ಲಿ ಜಾರುತ್ತ ಓಡಿ, ಕೊನೆಗೆ ಹಾರುತ್ತದೆ.

ಆದರೆ ನೀರಿನಲ್ಲಿ ಉಪಕಾರಿಯಾದ ಆ ಮೆಟ್ಟಿಲೂ ಆಳವಾದ ಒಡಲೂ ಆಕಾಶದಲ್ಲಿ ಹೊರೆಯೇ ಸರಿ. ಅವು ಗಾಳಿಯ ತಡೆಯನ್ನು ಹೆಚ್ಚಿಸುತ್ತವೆ. ಎರಡನೆಯ ಮಹಾಯುದ್ಧದಲ್ಲಿ ಹಾರುದೋಣಿಗಳಿಗೆ ಬಹಳ ಕೆಲಸವಿತ್ತು. ಬೆಂಗಳೂರಿನ ವಿಮಾನ ಕಾರ್ಖಾನೆಗೆ ದುರಸ್ತಿಗಾಗಿ ಬಂದ ಕ್ಯಾಟಲೀನಗಳು ಬೆಳ್ಳಂದೂರು ಕೆರೆಯಲ್ಲಿಯೇ ಇಳಿಯುತ್ತಿದ್ದುವು. ಆದರೆ ಅದೇ ಯುದ್ಧವು ಲೋಕದ ನಾನಾ ಕಡೆ ಉದ್ದವಾದ ಓಡುಹಾದಿಗಳನ್ನೂ ನಿರ್ಮಿಸಿತು. ನೀರಿನ ಆವಶ್ಯಕತೆ ತಪ್ಪಿದೊಡನೆ ವೇಗಶಾಲಿಯಾದ ನೆಲದ ವಿಮಾನವೇ ಗೆದ್ದಿತು. ಬ್ರಿಟನ್ನಿನ ಸರ್ಕಾರಿ ವಿಮಾನ ಸಂಸ್ಥೆಯು 1950ರಲ್ಲಿ ಹಾರುದೋಣಿಗಳನ್ನು ಕೈಬಿಟ್ಟಿತು.

ಒಂದು ಯಂತ್ರದ ಗುಣದೋಷಗಳನ್ನು ಅದು ಓಡಾಡುವ ಪರಿಸರದಿಂದ ಬೇರ್ಪಡಿಸಿ ಅಳೆಯಲಾಗದು. ಕಾಳ್ಗಿಚ್ಚನ್ನು ನಂದಿಸಲು ಸರೋವರಗಳಿಂದ ನೀರನ್ನು ಮೊಗೆದೊಯ್ಯುವ ಇಂದಿನ ವಿಮಾನಗಳ ತಳದಲ್ಲಿ ಆ ಮೆಟ್ಟಿಲು ಈಗಲೂ ಇದೆ.